ಹೆಂಪ್, ಭಂಗಿ, ಸಿಬಿಡಿ ವ್ಯಾಪಾರ ಮಾಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ಸಣ್ಣ ಆಹಾರ ಘಟಕಗಳಿಗೆ, ಆಯುರ್ವೇದ ಔಷಧಿ ಮಾಡುವವರಿಗೆ ಲೈಸೆನ್ಸ್ ಕಾಗದಪತ್ರ ಮಾಡಿಕೊಡುವುದು ನನ್ನ ಕೆಲಸ. ಕೆಲವು ವರ್ಷಗಳಿಂದ ಹೆಂಪ್ ಬಗ್ಗೆ ಬರುವ ಫೋನ್ ಜಾಸ್ತಿಯಾಗಿದೆ. ಕೇಳುವವರಲ್ಲಿ ಹೆಚ್ಚಿನವರು ಇಪ್ಪತ್ತೈದು, ಮೂವತ್ತರ ಹುಡುಗ ಹುಡುಗಿಯರು. ಮನೆಯವರ ದುಡ್ಡು ಹಾಕಿ ಶುರು ಮಾಡಲು ಹೊರಟವರು. ಇದು ತಪ್ಪಿದರೆ ದಂಡ ಕಟ್ಟಿ ಬಿಡುವ ಕಾನೂನಲ್ಲ, ಜೈಲಿನ ಕಾನೂನು. ಅದಕ್ಕೇ ಎಲ್ಲರಿಗೂ ಹೇಳುವ ಮಾತನ್ನು ಒಂದೇ ಕಡೆ ಬರೆದಿಟ್ಟಿದ್ದೇನೆ. ನಿಮ್ಮ ವಿಷಯಕ್ಕೆ ಕೊನೆಯ ಮಾತು ನಿಮ್ಮ ವಕೀಲರದ್ದೇ ಇರಲಿ.

ಹೆಂಪ್ ಬೇರೆ, ಗಾಂಜಾ ಬೇರೆ ಅಲ್ವಾ?

ಗಿಡ ಒಂದೇ. ಎರಡೂ ಕ್ಯಾನಬಿಸ್. ಅಮಲು ಬರಿಸುವ ಟಿಎಚ್‌ಸಿ ಅನ್ನುವ ಅಂಶ ಕಡಿಮೆ ಇರುವ ತಳಿಯನ್ನು ಹೆಂಪ್ ಅನ್ನುತ್ತಾರೆ. ಸಿಬಿಡಿ ಅನ್ನುವುದು ಅದೇ ಗಿಡದ ಇನ್ನೊಂದು ಅಂಶ, ಅದು ಅಮಲು ಬರಿಸುವುದಿಲ್ಲ. ಅಮೆರಿಕದಲ್ಲಿ, ಯುರೋಪಿನಲ್ಲಿ ಶೇಕಡಾ 0.3 ಅಂತ ಗೆರೆ ಹಾಕಿ, ಅದರ ಕೆಳಗಿದ್ದರೆ ಹೆಂಪ್ ಅಂತ ಕಾನೂನೇ ಹೇಳುತ್ತದೆ. ಇಂಟರ್ನೆಟ್‌ನಲ್ಲಿ ಓದಿದವರೆಲ್ಲ ನಮ್ಮಲ್ಲೂ ಹಾಗೇ ಅಂದುಕೊಂಡು ಬರುತ್ತಾರೆ. ಎಲ್ಲಾ ಗೊಂದಲ ಶುರುವಾಗುವುದು ಇಲ್ಲೇ.

ನಮ್ಮ ದೇಶದಲ್ಲಿ ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಶೇಕಡಾವಾರು ಲೆಕ್ಕವೇ ಇಲ್ಲ. ಅದು ನೋಡುವುದು ಗಿಡದ ಯಾವ ಭಾಗ ಅನ್ನುವುದನ್ನು. ಹೂವು ಅಥವಾ ಕಾಯಿ ಬಿಟ್ಟ ತುದಿ ಗಾಂಜಾ. ಗಿಡದಿಂದ ಬಿಡಿಸಿದ ಅಂಟು ಚರಸ್. ಈ ಎರಡಕ್ಕೆ ಏನೇ ಬೆರೆಸಿದರೂ ಅದೂ ನಿಷೇಧಿತವೇ. ತುದಿಯ ಜೊತೆ ಸೇರಿರದ ಬರೀ ಎಲೆ, ಬರೀ ಬೀಜ ಮಾತ್ರ ಗಾಂಜಾದ ವ್ಯಾಖ್ಯೆಯಿಂದ ಹೊರಗೆ. ಹಾಗಾಗಿ ನಿಮ್ಮ ಹೂವಿನಲ್ಲಿ ಟಿಎಚ್‌ಸಿ 0.2 ಇದ್ದರೂ ಅದು ಗಾಂಜಾನೇ. ‘ಹೆಂಪ್ ಫ್ಲವರ್’ ಅಂತ ಚೆಂದದ ಡಬ್ಬಿಯಲ್ಲಿ ಹಾಕಿದರೂ ಅಷ್ಟೇ. ನನ್ನ ಹತ್ತಿರ ಯಾರು ಬಂದರೂ ಮೊದಲು ಕೇಳುವ ಪ್ರಶ್ನೆ ಇದೇ: ಗಿಡದ ಯಾವ ಭಾಗ ತರುತ್ತಿದ್ದೀರಿ?

ನಮ್ಮೂರಲ್ಲಿ ಸೆಣಬು ಬೆಳೆಯುತ್ತಾರೆ. ಅದೂ ಹೆಂಪ್ ತಾನೇ?

ಅಲ್ಲ. ಹೆಸರಿನ ಗೋಜಲು ಇದು. ಗದ್ದೆಗೆ ಹಸಿರೆಲೆ ಗೊಬ್ಬರಕ್ಕೆ ಬಿತ್ತುವ ಅಪ್ಸೆಣಬಿಗೆ ಇಂಗ್ಲಿಷಿನಲ್ಲಿ ಸನ್ ಹೆಂಪ್ ಅನ್ನುತ್ತಾರೆ. ಅದು ಹಳದಿ ಹೂವಿನ ಬೇರೆಯೇ ಜಾತಿ. ಸೆಣಬಿನ ಚೀಲ ಅನ್ನುವಾಗ ಹೇಳುವುದು ಜೂಟ್. ಉತ್ತರ ಕರ್ನಾಟಕದ ಪುಂಡಿಪಲ್ಯದ ಗಿಡಕ್ಕೆ ಸಸ್ಯಶಾಸ್ತ್ರದ ಹೆಸರೇ ಹೈಬಿಸ್ಕಸ್ ಕ್ಯಾನಬಿನಸ್, ಆದರೂ ಅದು ದಾಸವಾಳದ ನೆಂಟ. ಇವು ಯಾವುದಕ್ಕೂ ಈ ಕಾನೂನು ತಾಗುವುದಿಲ್ಲ. ಒಬ್ಬರು ತಮ್ಮ ಅಪ್ಸೆಣಬಿನ ಬೀಜದ ಬಿಲ್ಲಿನ ಮೇಲೆ ‘ಹೆಂಪ್ ಸೀಡ್’ ಅಂತ ಬರೆಸಿ, ಚೆಕ್‌ಪೋಸ್ಟ್‌ನಲ್ಲಿ ಅರ್ಧ ದಿನ ನಿಂತಿದ್ದರು. ಬಿಲ್ಲಿನಲ್ಲಿ ಕನ್ನಡದ ಹೆಸರನ್ನೂ ಹಾಕಿಸಿ.

ಎಲೆ ಗಾಂಜಾ ಅಲ್ಲ ಅಂದರೆ ಭಂಗಿ ಸೊಪ್ಪನ್ನು ಆರಾಮಾಗಿ ಮಾರಬಹುದಾ?

ಆಗುವುದಿಲ್ಲ. ಎನ್‌ಡಿಪಿಎಸ್‌ನಿಂದ ಹೊರಗೆ ಅಂದರೆ ಎಲ್ಲಾ ಕಾನೂನಿನಿಂದ ಹೊರಗೆ ಅಂತಲ್ಲ. ಭಂಗಿ ರಾಜ್ಯಗಳ ಅಬಕಾರಿ ವಿಷಯ. ಉತ್ತರ ಪ್ರದೇಶ, ರಾಜಸ್ಥಾನದಲ್ಲಿ ಅದಕ್ಕೆ ಲೈಸೆನ್ಸ್ ಅಂಗಡಿಗಳಿವೆ. ಮಹಾರಾಷ್ಟ್ರದ 1949ರ ಮದ್ಯನಿಷೇಧ ಕಾಯ್ದೆ ಭಂಗಿಯನ್ನೂ ಹಿಡಿಯುತ್ತದೆ. ನಮ್ಮ 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಕಣ್ಣೂ ಭಂಗಿಯ ಮೇಲಿದೆ.

2022ರಲ್ಲಿ ಕರ್ನಾಟಕ ಹೈಕೋರ್ಟ್ ಒಂದು ಪ್ರಕರಣದಲ್ಲಿ ಜಾಮೀನು ಕೊಡುವಾಗ, ಭಂಗಿಯನ್ನು ಎನ್‌ಡಿಪಿಎಸ್ ಕಾಯ್ದೆಯಲ್ಲಿ ಎಲ್ಲೂ ನಿಷೇಧಿತ ಅಂತ ಹೇಳಿಲ್ಲ ಎಂದಿತು. ಆ ಸುದ್ದಿಯ ತುಣುಕನ್ನು ಮೊಬೈಲಿನಲ್ಲಿ ಹಿಡಿದುಕೊಂಡು ‘ನೋಡಿ ಸರ್, ಲೀಗಲ್’ ಅಂತ ಬರುವವರು ಈಗಲೂ ಇದ್ದಾರೆ. ಅದು ಜಾಮೀನಿನ ಆದೇಶ. ಆ ವ್ಯಕ್ತಿ ಆದೇಶ ಬರುವ ತನಕ ಜೈಲಿನಲ್ಲೇ ಇದ್ದ ಅನ್ನುವುದನ್ನೂ ಜೊತೆಗೆ ಓದಿ. ಯಾದಗಿರಿಯ ತಿಂಥಣಿ ಮೌನೇಶ್ವರ ಜಾತ್ರೆಯಲ್ಲಿ ಭಂಗಿ ಪ್ರಸಾದವಾಗಿ ಕೊಡುವ ರೂಢಿಯನ್ನೂ ಕೆಲವರು ಉದಾಹರಣೆಯಾಗಿ ಹೇಳುತ್ತಾರೆ. ಶರಣರ, ಅವಧೂತರ ಹಾದಿಯಲ್ಲಿ ಅದಕ್ಕೊಂದು ಅರ್ಥ ಇದೆ, ಗೌರವವೂ ಇದೆ. ಅದನ್ನು ಅಂಗಡಿಗೆ ಲೈಸೆನ್ಸ್ ಮಾಡಿಕೊಳ್ಳಲು ಬರುವುದಿಲ್ಲ.

ಜಮೀನಿದೆ. ಹೆಂಪ್ ಬೆಳೆಯಬಹುದಾ?

ಕರ್ನಾಟಕದಲ್ಲಿ ಸದ್ಯಕ್ಕೆ ಬೇಡ, ಖಂಡಿತ ಬೇಡ. ಬೆಳೆಯುವ ವಿಷಯಕ್ಕೆ ಬಂದರೆ ಕಾಯ್ದೆ ಭಾಗವನ್ನೂ ನೋಡುವುದಿಲ್ಲ, ಇಡೀ ಗಿಡವನ್ನೇ ಹಿಡಿಯುತ್ತದೆ. ಅನುಮತಿ ಇಲ್ಲದೆ ಕ್ಯಾನಬಿಸ್ ಗಿಡ ಬೆಳೆದರೆ 10 ವರ್ಷದ ತನಕ ಕಠಿಣ ಸಜೆ, ಒಂದು ಲಕ್ಷದ ತನಕ ದಂಡ. ಹತ್ತಿ, ತೊಗರಿ ಸಾಲಿನ ನಡುವೆ ಸಿಕ್ಕ ಗಿಡಗಳ ಸುದ್ದಿ ಪತ್ರಿಕೆಯಲ್ಲಿ ಬರುತ್ತಲೇ ಇರುತ್ತದೆ.

ಕಾಯ್ದೆಯಲ್ಲಿ ಬಾಗಿಲು ಪೂರ್ತಿ ಮುಚ್ಚಿಲ್ಲ. 10ನೇ ಸೆಕ್ಷನ್ ರಾಜ್ಯ ಸರ್ಕಾರಕ್ಕೆ ಅಧಿಕಾರ ಕೊಡುತ್ತದೆ. 14ನೇ ಸೆಕ್ಷನ್ ನಾರಿಗೆ, ಬೀಜಕ್ಕೆ ಅಥವಾ ತೋಟಗಾರಿಕೆಗೆ ಬೆಳೆಯಲು ಸರ್ಕಾರ ಒಪ್ಪಿಗೆ ಕೊಡಬಹುದು ಅನ್ನುತ್ತದೆ. ಆ ದಾರಿ ಹಿಡಿದು ಉತ್ತರಾಖಂಡ 2018ರಲ್ಲಿ ಮೊದಲ ಲೈಸೆನ್ಸ್ ಕೊಟ್ಟಿತು, ಟಿಎಚ್‌ಸಿ 0.3ರ ಒಳಗಿರಬೇಕು ಅನ್ನುವ ಷರತ್ತಿನ ಮೇಲೆ. ಕಷ್ಟ ಏನೆಂದರೆ ಹಿಮಾಲಯದ ನಾಡತಳಿಗಳಲ್ಲಿ ಟಿಎಚ್‌ಸಿ ಸಾಮಾನ್ಯವಾಗಿ ಇದಕ್ಕಿಂತ ಜಾಸ್ತಿ. ಹಿಮಾಚಲ ಪ್ರದೇಶ 2025ರ ಜನವರಿಯಲ್ಲಿ ಪಾಲಂಪುರ ಮತ್ತು ನೌಣಿಯ ಕೃಷಿ, ತೋಟಗಾರಿಕೆ ವಿಶ್ವವಿದ್ಯಾಲಯಗಳ ಮೂಲಕ ಪ್ರಾಯೋಗಿಕ ಅಧ್ಯಯನಕ್ಕೆ ಒಪ್ಪಿತು. ಕರ್ನಾಟಕದಲ್ಲಿ ಅಂಥ ಲೈಸೆನ್ಸ್ ಪದ್ಧತಿ ಇನ್ನೂ ಬಂದಿಲ್ಲ.

ಹಿರಿಯೂರು ಕಡೆಯ ರೈತರೊಬ್ಬರಿಗೆ ‘ಬೀಜ ನಾವೇ ಕೊಡುತ್ತೇವೆ, ಬೆಳೆ ನಾವೇ ಕೊಳ್ಳುತ್ತೇವೆ’ ಅಂತ ಯಾರೋ ಕರಾರು ಪತ್ರ ಕಳಿಸಿದ್ದರು. ಮೂರು ಪುಟದ ಕರಾರಿನಲ್ಲಿ ಸರ್ಕಾರದ ಅನುಮತಿ ಅನ್ನುವ ಪದವೇ ಇರಲಿಲ್ಲ. ಪೊಲೀಸರು ಬಂದರೆ ಪಹಣಿಯಲ್ಲಿ ಇರುವುದು ನಿಮ್ಮ ಹೆಸರು ಅಣ್ಣಾ, ಅಂದೆ. ಅವರು ಬೀಜ ತರಿಸಲಿಲ್ಲ.

ಹೆಂಪ್ ಬೀಜ, ಬೀಜದ ಎಣ್ಣೆ, ಹಿಟ್ಟು ಮಾರಬಹುದಾ?

ಮಾರಬಹುದು. ಹೊಸಬರಿಗೆ ಈ ವ್ಯಾಪಾರದಲ್ಲಿ ಎಲ್ಲಕ್ಕಿಂತ ಗಟ್ಟಿ ನೆಲ ಇದೇ ಅಂತ ನನ್ನ ಅಭಿಪ್ರಾಯ. 2021ರ ನವೆಂಬರ್‌ನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಸಂಸ್ಥೆ ಎಫ್ಎಸ್ಎಸ್ಎಐ ಬೀಜ, ಬೀಜದ ಎಣ್ಣೆ, ಬೀಜದ ಹಿಟ್ಟು ಈ ಮೂರನ್ನೂ ಆಹಾರ ಅಂತ ಒಪ್ಪಿ ಮಾನದಂಡ ಹಾಕಿತು. ಬೀಜದಲ್ಲಿ ಒಟ್ಟು ಟಿಎಚ್‌ಸಿ ಕಿಲೋಗೆ 5 ಮಿಲಿಗ್ರಾಂ ಮೀರಬಾರದು. ಸಿಬಿಡಿ ಕಿಲೋಗೆ 75 ಮಿಲಿಗ್ರಾಂ ದಾಟಬಾರದು.

ಬೀಜದೊಳಗೆ ಟಿಎಚ್‌ಸಿ ಇರುವುದಿಲ್ಲ ಅನ್ನುವಷ್ಟು ಕಡಿಮೆ, ಮತ್ತೆ ಮಿತಿ ಯಾಕೆ ಅಂತ ಕೇಳುತ್ತಾರೆ. ಒಂದು ಹಿಡಿ ಬೀಜವನ್ನು ಬಿಳಿ ತಟ್ಟೆಗೆ ಸುರಿದು ಭೂತಗನ್ನಡಿಯಲ್ಲಿ ನೋಡಿ. ಕೊತ್ತಂಬರಿ ಕಾಳಿಗಿಂತ ಸ್ವಲ್ಪ ಸಣ್ಣದು, ಬೂದು ಬಣ್ಣ, ಮೇಲೆ ಕಂದು ಗೀರುಗಳು. ಚೆನ್ನಾಗಿ ತೂರಿದ ಮಾಲಾದರೆ ನುಣ್ಣಗೆ ಹೊಳೆಯುತ್ತದೆ. ಕೆಟ್ಟ ಮಾಲಿನಲ್ಲಿ ಬೀಜದ ಬುಡಕ್ಕೆ ಒಣಗಿದ ಹಸಿರು ಸಿಪ್ಪೆ ಕಚ್ಚಿಕೊಂಡಿರುತ್ತದೆ, ಬೆರಳಿಗೆ ಸ್ವಲ್ಪ ಅಂಟಂಟು ಅನ್ನಿಸುತ್ತದೆ. ಆ ಸಿಪ್ಪೆ ಹೂವಿನ ಭಾಗ. ಅಂಟು ಇರುವುದು ಅದರಲ್ಲೇ. ಲ್ಯಾಬಿನಲ್ಲಿ ಟಿಎಚ್‌ಸಿ ಏರುವುದು ಅದರಿಂದಲೇ. ಕಾನೂನಿನ ಕಣ್ಣಿಗೂ ಅದು ಬೀಜವಲ್ಲ. ಹಾಗಾಗಿ ಜರಡಿ ಹಿಡಿದಿಲ್ಲದ ಮಾಲನ್ನು ಕಡಿಮೆ ರೇಟಿಗೆ ಸಿಗುತ್ತದೆ ಅಂತ ತೆಗೆದುಕೊಳ್ಳಬೇಡಿ.

ಮೊಳಕೆ ಬರುವ ಬೀಜವನ್ನೂ ಮಾರಬೇಡಿ. ಯಾರೋ ಗಿರಾಕಿ ಕುಂಡದಲ್ಲಿ ಹಾಕಿ ಗಿಡ ಮಾಡಿದರೆ ವಿಚಾರಣೆ ನಿಮ್ಮ ಪೊಟ್ಟಣದ ತನಕ ಬರುತ್ತದೆ.

ಲ್ಯಾಬ್ ವರದಿ ಸಪ್ಲೈಯರ್ ಕೊಟ್ಟಿದ್ದಾರೆ. ಸಾಕಲ್ವಾ?

ಓದಿದ್ದೀರಾ ಅನ್ನುವುದು ನನ್ನ ಮರುಪ್ರಶ್ನೆ. ಬ್ಯಾಚ್ ನಂಬರ್ ನಿಮ್ಮ ಚೀಲದ ಮೇಲಿನ ನಂಬರಿಗೆ ಹೊಂದುತ್ತದಾ ನೋಡಿ. ದಿನಾಂಕ ನೋಡಿ. ‘ಟಿಎಚ್‌ಸಿ’ ಅಂತ ಮಾತ್ರ ಇದೆಯೋ, ‘ಒಟ್ಟು ಟಿಎಚ್‌ಸಿ’ ಅಂತ ಇದೆಯೋ ನೋಡಿ, ಯಾಕೆಂದರೆ ಹಸಿ ಗಿಡದಲ್ಲಿ ಅದು ಹೆಚ್ಚಾಗಿ ಟಿಎಚ್‌ಸಿಎ ಅನ್ನುವ ಆಮ್ಲದ ರೂಪದಲ್ಲಿ ಇರುತ್ತದೆ, ಬಿಸಿ ಮಾಡಿದಾಗ ಟಿಎಚ್‌ಸಿ ಆಗುತ್ತದೆ, ಮಿತಿ ಇರುವುದು ಎರಡೂ ಸೇರಿಸಿ. ‘ಪತ್ತೆಯಾಗಿಲ್ಲ’ ಅಂತ ಬರೆದಿದ್ದರೆ ಆ ಲ್ಯಾಬಿನ ಯಂತ್ರ ಎಷ್ಟರ ತನಕ ಪತ್ತೆ ಹಚ್ಚಬಲ್ಲದು ಅನ್ನುವ ಅಂಕಿಯೂ ಪಕ್ಕದಲ್ಲಿರಬೇಕು. ಎನ್‌ಎಬಿಎಲ್ ಮಾನ್ಯತೆ ಇರುವ ಲ್ಯಾಬಿನಲ್ಲಿ ನೀವೇ ಒಮ್ಮೆ ಮಾಡಿಸಿ. ಆ ಖರ್ಚು ಉಳಿಸಬೇಡಿ.

ಲೇಬಲ್ ಮೇಲೆ ಆ ಏಳು ಬೆರಳಿನ ಎಲೆ ಹಾಕಬಹುದಾ?

ಬೀಜದ ಆಹಾರಕ್ಕೆ ಹಾಕುವಂತಿಲ್ಲ. ಬೀಜ ಬಿಟ್ಟು ಗಿಡದ ಬೇರೆ ಯಾವ ಭಾಗದ ಚಿತ್ರವೂ ಇರಬಾರದು. ಸಿಬಿಡಿಯ ಹೆಸರು ಹೇಳಿ ಲಾಭ ಹೇಳುವಂತಿಲ್ಲ. ಅಮಲಿನ ಸುಳಿವು ಕೊಡುವ ಮಾತೂ ಬೇಡ.

ನಾನು ಮೊದಲ ಸಲ ಹೆಂಪ್ ಬೀಜದ ಫೈಲ್ ಮಾಡಿದಾಗ ಈ ನಿಯಮವನ್ನು ಸರಿಯಾಗಿ ಗಮನಿಸಿರಲಿಲ್ಲ. ಆ ಹುಡುಗಿ ಎರಡು ಸಾವಿರ ಸ್ಟಿಕರ್ ಪ್ರಿಂಟ್ ಮಾಡಿಸಿಬಿಟ್ಟಿದ್ದಳು, ಹಸಿರು ಎಲೆ, ಚಿನ್ನದ ಅಂಚು. ಮಾಲು ಹೊರಡುವ ಹಿಂದಿನ ದಿನ ಗೊತ್ತಾಯಿತು. ಅವಳು, ಅವಳ ತಾಯಿ, ನಾನು ಮೂವರೂ ಕೂತು ರಾತ್ರಿ ಹನ್ನೊಂದರ ತನಕ ಡಬ್ಬಿಗಳಿಂದ ಸ್ಟಿಕರ್ ಕೀಳುತ್ತಾ ಇದ್ದೆವು. ಉಗುರಲ್ಲೆಲ್ಲ ಗೋಂದು. ಪ್ರಿಂಟಿಂಗ್ ದುಡ್ಡಿನಲ್ಲಿ ಅರ್ಧ ನಾನು ಕೊಟ್ಟೆ, ತಪ್ಪು ನನ್ನದಿತ್ತು. ಈಗ ಲೇಬಲ್ ಪ್ರಿಂಟಿಗೆ ಹೋಗುವ ಮುಂಚೆ ಪ್ರತಿ ಪದ ಓದುತ್ತೇನೆ.

ಸಿಬಿಡಿ ಎಣ್ಣೆ ಆನ್‌ಲೈನಲ್ಲಿ ಎಲ್ಲರೂ ಮಾರುತ್ತಿದ್ದಾರಲ್ಲ, ಯಾವ ಲೈಸೆನ್ಸ್ ಅದು?

ಸರಿಯಾಗಿ ಮಾಡುತ್ತಿರುವವರು ಅದನ್ನು ಆಯುರ್ವೇದ ಔಷಧಿಯಾಗಿ ಮಾರುತ್ತಾರೆ. ಆಯುರ್ವೇದದಲ್ಲಿ ಈ ಗಿಡಕ್ಕೆ ವಿಜಯಾ, ಭಂಗಾ ಅಂತ ಹೆಸರು. ಜಾತೀಫಲಾದಿ ಚೂರ್ಣದಂಥ ಹಳೆಯ ಔಷಧಿಗಳಲ್ಲಿ ಅದು ಇದೆ. 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯ ಕೆಳಗೆ 24-ಡಿ ಅರ್ಜಿ ಹಾಕಿ 25-ಡಿ ತಯಾರಿಕಾ ಲೈಸೆನ್ಸ್ ಪಡೆಯಬೇಕು. ಸ್ವಂತ ಕಾರ್ಖಾನೆ ಇಲ್ಲದೆ ಬೇರೆಯವರ ಕಾರ್ಖಾನೆಯಲ್ಲಿ ಮಾಡಿಸುವುದಾದರೆ ಲೋನ್ ಲೈಸೆನ್ಸ್, ಅರ್ಜಿ 24-ಇ, ಲೈಸೆನ್ಸ್ 25-ಇ. ಕಾರ್ಖಾನೆ ಶೆಡ್ಯೂಲ್ ಟಿ, ಅಂದರೆ ಒಳ್ಳೆಯ ತಯಾರಿಕಾ ಕ್ರಮದ ನಿಯಮಗಳ, ಪ್ರಕಾರ ಇರಬೇಕು. ನಮ್ಮಲ್ಲಿ ಇದನ್ನು ನೋಡುವುದು ರಾಜ್ಯದ ಆಯುಷ್ ಇಲಾಖೆ.

ಭಂಗಾ, ಬೀಜ ಬಿಟ್ಟು, ಶೆಡ್ಯೂಲ್ ಇ(1)ರಲ್ಲಿದೆ. ಅದು ಆಯುರ್ವೇದದ ವಿಷದ್ರವ್ಯಗಳ ಪಟ್ಟಿ. ಆ ಪಟ್ಟಿಯ ದ್ರವ್ಯ ಇರುವ, ಒಳಗೆ ಸೇವಿಸುವ ಔಷಧಿಯ ಮೇಲೆ ‘ವೈದ್ಯರ ಮೇಲ್ವಿಚಾರಣೆಯಲ್ಲಿ ಸೇವಿಸಬೇಕು’ ಅನ್ನುವ ಎಚ್ಚರಿಕೆ ಇಂಗ್ಲಿಷ್, ಹಿಂದಿ ಎರಡರಲ್ಲೂ ಇರಲೇಬೇಕು. ಹಾಗಿರುವಾಗ ಅದನ್ನು ‘ವೆಲ್‌ನೆಸ್ ಆಯಿಲ್’ ಅಂತ ಶಾಂಪೂ ತರಹ ಕಾರ್ಟಿಗೆ ಹಾಕಿ ಮಾರುವುದು ನನಗೆ ಒಪ್ಪುವುದಿಲ್ಲ. ವೈದ್ಯರನ್ನು ಜೊತೆಗಿಟ್ಟುಕೊಂಡು, ಚೀಟಿ ನೋಡಿ ಕಳಿಸುವವರ ಜೊತೆ ಮಾತ್ರ ನಾನು ಕೆಲಸ ಮಾಡುತ್ತೇನೆ.

ಎಲೆ ಎಲ್ಲಿಂದ ಬಂತು ಅನ್ನುವ ಕಾಗದ ಮುಖ್ಯ. ಯಾವ ರಾಜ್ಯ, ಆ ರಾಜ್ಯದ ಅಬಕಾರಿ ಅನುಮತಿ, ಸಾಗಣೆಯ ಪರ್ಮಿಟ್, ಎಲೆಯಲ್ಲಿ ತುದಿ ಸೇರಿಲ್ಲ ಅನ್ನುವ ಪರೀಕ್ಷೆ. ಇಲ್ಲಿ ಒಂದು ಕತ್ತಲೆ ಜಾಗವೂ ಇದೆ. ಎಲೆ ಗಾಂಜಾ ಅಲ್ಲ, ನಿಜ. ಆದರೆ ಟಿಎಚ್‌ಸಿಯನ್ನು ಅದೇ ಎನ್‌ಡಿಪಿಎಸ್ ಕಾಯ್ದೆಯ ಮನೋಪರಿಣಾಮಿ ವಸ್ತುಗಳ ಪಟ್ಟಿಯಲ್ಲಿ ಪ್ರತ್ಯೇಕವಾಗಿ ಹಾಕಿದ್ದಾರೆ. ಎಲೆಯ ಸಾರ ತೆಗೆದು ಗಟ್ಟಿ ಮಾಡುತ್ತಾ ಹೋದರೆ ಟಿಎಚ್‌ಸಿಯೂ ಗಟ್ಟಿಯಾಗುತ್ತದೆ ಅಲ್ವಾ? ಬೀಜಕ್ಕೆ ಕಿಲೋಗೆ ಇಷ್ಟು ಅಂತ ಬರೆದ ಹಾಗೆ ಎಲೆಯ ಸಾರಕ್ಕೂ ಕೇಂದ್ರ ಒಂದು ಸ್ಪಷ್ಟ ಅಂಕಿ ಬರೆಯಬೇಕು. ಪ್ರಾಮಾಣಿಕವಾಗಿ ನಡೆಯುವವನಿಗೇ ಈಗ ಭಯ ಜಾಸ್ತಿ, ಅದು ನ್ಯಾಯವಲ್ಲ. ಆ ತನಕ ಟಿಎಚ್‌ಸಿ ಆದಷ್ಟು ಕಡಿಮೆ ಇಡಿ, ಪ್ರತಿ ಬ್ಯಾಚ್ ಪರೀಕ್ಷೆ ಮಾಡಿಸಿ.

ಆಹಾರ ಲೈಸೆನ್ಸ್ ಇದೆ. ಅದರಲ್ಲೇ ಸಿಬಿಡಿ ಗಮ್ಮೀಸ್, ಸಿಬಿಡಿ ಕಾಫಿ ಮಾಡಬಹುದಾ?

ಇಲ್ಲ. ಆಹಾರದಲ್ಲಿ ಒಪ್ಪಿರುವುದು ಬೀಜ ಮತ್ತು ಬೀಜದ್ದು ಮಾತ್ರ. ‘ಆಯುರ್ವೇದ ಆಹಾರ’ ಅಂತ 2022ರಲ್ಲಿ ಬಂದ ಹೊಸ ವರ್ಗದಲ್ಲಿ ಹಾಕಿಬಿಡೋಣ ಅನ್ನುವವರಿದ್ದಾರೆ. ಆ ನಿಯಮದಲ್ಲೇ ಶೆಡ್ಯೂಲ್ ಇ(1)ರ ದ್ರವ್ಯ ಸೇರಿಸಬಾರದು ಅಂತಿದೆ. ಮಿಠಾಯಿಯ ಆಕಾರದಲ್ಲಿ ಇರುವ ಯಾವುದೂ ಮಕ್ಕಳ ಕೈಗೆ ಸಿಗುತ್ತದೆ, ಅದನ್ನೂ ಯೋಚಿಸಿ.

ಸೋಪು, ಶಾಂಪೂ, ಮುಖದ ಎಣ್ಣೆ?

ಹೆಂಪ್ ಬೀಜದ ಎಣ್ಣೆ ಹಾಕಿದ ಸೋಪು ಕಾಂತಿವರ್ಧಕ. 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ಸಿಒಎಸ್-5 ಅರ್ಜಿ, ಸಿಒಎಸ್-8 ಲೈಸೆನ್ಸ್. ‘ಮೊಡವೆ ವಾಸಿಯಾಗುತ್ತದೆ’ ಅಂದ ಕೂಡಲೇ ಅದು ಔಷಧಿಯ ಮಾತಾಗುತ್ತದೆ. ಅಡುಗೆಮನೆಯಲ್ಲಿ ಸೋಪು ಮಾಡಿ ಇನ್‌ಸ್ಟಾಗ್ರಾಂನಲ್ಲಿ ಮಾರುವವರಿಗೂ ಲೈಸೆನ್ಸ್ ಬೇಕು.

ಹೆಂಪ್ ಬಟ್ಟೆ, ಚೀಲ?

ನೂಲು, ಬಟ್ಟೆ ತರಿಸಿ ಹೊಲಿಯುವುದಕ್ಕೆ ಈ ತಲೆಬಿಸಿ ಇಲ್ಲ. ಮಾಮೂಲಿ ಬಟ್ಟೆ ವ್ಯಾಪಾರದ ಕಾಗದ ಸಾಕು. ಬಿಲ್ಲಿನಲ್ಲಿ ‘ಹೆಂಪ್ ನಾರಿನ ಬಟ್ಟೆ’ ಅಂತ ಸ್ಪಷ್ಟವಾಗಿರಲಿ.

ಜಾಹೀರಾತಿನಲ್ಲಿ ಏನು ಹೇಳಬಹುದು?

ಏನು ಹೇಳಬಾರದು ಅನ್ನುವುದನ್ನೇ ಹೇಳುತ್ತೇನೆ. 1954ರ ಮ್ಯಾಜಿಕ್ ರೆಮಿಡೀಸ್ ಕಾಯ್ದೆಯಲ್ಲಿ 54 ಕಾಯಿಲೆಗಳ ಪಟ್ಟಿ ಇದೆ. ಕ್ಯಾನ್ಸರ್, ಸಕ್ಕರೆ ಕಾಯಿಲೆ, ಮೂರ್ಛೆರೋಗ, ಸಂಧಿವಾತ, ಬಿಪಿ ಎಲ್ಲಾ ಅದರಲ್ಲಿವೆ. ಇವನ್ನು ವಾಸಿ ಮಾಡುತ್ತೇವೆ ಅಂತ ಜಾಹೀರಾತು ಕೊಡುವುದೇ ಅಪರಾಧ. ರೀಲ್ಸ್, ವಾಟ್ಸಾಪ್ ಫಾರ್ವರ್ಡ್, ಗಿರಾಕಿ ಅಳುತ್ತಾ ಹೇಳಿದ ವಿಡಿಯೋ, ಎಲ್ಲಾ ಜಾಹೀರಾತೇ ಅಂತ ತಿಳಿದು ನಡೆಯಿರಿ.

ಸಣ್ಣ ತಪ್ಪಾದರೆ ಏನಾಗುತ್ತದೆ? ಕಂಪನಿ ಹೆಸರಲ್ಲಿ ಮಾಡಿದ್ದೇವೆ.

ಗಾಂಜಾ 1 ಕಿಲೋ ತನಕ ಸಣ್ಣ ಪ್ರಮಾಣ, ಒಂದು ವರ್ಷದ ತನಕ ಸಜೆ. 20 ಕಿಲೋ ದಾಟಿದರೆ ವಾಣಿಜ್ಯ ಪ್ರಮಾಣ, ಕನಿಷ್ಠ 10 ವರ್ಷ, 20ರ ತನಕ. ಚರಸ್ ಆದರೆ 100 ಗ್ರಾಂ ಮತ್ತು 1 ಕಿಲೋ. ವ್ಯಾಪಾರದವರ ಗೋಡೌನ್‌ನಲ್ಲಿ 20 ಕಿಲೋ ಅಂದರೆ ಒಂದು ಚೀಲ ಅಷ್ಟೇ. ಎಲೆ ಅಂತ ಕೊಂಡ ಚೀಲದಲ್ಲಿ ತುದಿಗಳು ಬೆರೆತಿದ್ದರೆ ತೂಕ ಇಡೀ ಚೀಲದ್ದೇ ಹಿಡಿಯಬಹುದು. ವಾಣಿಜ್ಯ ಪ್ರಮಾಣದಲ್ಲಿ ಜಾಮೀನು ಬಹಳ ಕಷ್ಟ, 37ನೇ ಸೆಕ್ಷನ್ ಅಷ್ಟು ಬಿಗಿ. ಕಂಪನಿ ತಪ್ಪು ಮಾಡಿದರೆ ಆಗ ವ್ಯವಹಾರ ನೋಡಿಕೊಳ್ಳುತ್ತಿದ್ದವರೂ ಹೊಣೆ ಅಂತ 38ನೇ ಸೆಕ್ಷನ್ ಹೇಳುತ್ತದೆ. ಗೊತ್ತಿದ್ದೂ ಜಾಗ ಕೊಟ್ಟ ಮಾಲೀಕನನ್ನು 25ನೇ ಸೆಕ್ಷನ್ ಬಿಡುವುದಿಲ್ಲ. ಸುಮ್ನೆ ಸಹಿ ಹಾಕುವ ಡೈರೆಕ್ಟರ್ ಆಗಿ ಅಪ್ಪ ಅಮ್ಮನ ಹೆಸರು ಸೇರಿಸಬೇಡಿ.

ರಫ್ತು ಮಾಡುವ ಯೋಚನೆ ಇದೆ.

ಹೋಗುವ ದೇಶದ ಟಿಎಚ್‌ಸಿ ಮಿತಿ ನೋಡಿ. ನಮ್ಮ ಮಾನದಂಡ ಪಾಸಾದ ಬೀಜ ಯುರೋಪಿನಲ್ಲಿ ಫೇಲ್ ಆಗಬಹುದು, ಅಲ್ಲಿ ಬೀಜಕ್ಕೆ ಕಿಲೋಗೆ 3 ಮಿಲಿಗ್ರಾಂ, ಬೀಜದ ಎಣ್ಣೆಗೆ 7.5. ಅಮೆರಿಕ 2018ರಲ್ಲಿ ಹೆಂಪ್‌ಗೆ ಬಾಗಿಲು ತೆರೆದಿತ್ತು, 2025ರ ನವೆಂಬರ್‌ನಲ್ಲಿ ಬಿಗಿ ಮಾಡುವ ಕಾನೂನು ಮಾಡಿತು: ತಯಾರಾದ ಉತ್ಪನ್ನದ ಒಂದು ಡಬ್ಬಿಗೆ ಒಟ್ಟು ಟಿಎಚ್‌ಸಿ 0.4 ಮಿಲಿಗ್ರಾಂ ಮಾತ್ರ, ಜಾರಿಗೆ ಒಂದು ವರ್ಷದ ಗಡುವು ಇಟ್ಟು. ಥಾಯ್ಲೆಂಡ್ 2022ರಲ್ಲಿ ಬಿಟ್ಟಿದ್ದನ್ನು 2025ರಲ್ಲಿ ವೈದ್ಯರ ಚೀಟಿಗೆ ಕಟ್ಟಿತು. ಮೂರು ವರ್ಷದ ಹಳೆಯ ಲೇಖನ ಓದಿ ಆರ್ಡರ್ ಒಪ್ಪಿಕೊಳ್ಳಬೇಡಿ.

ಅಮೆರಿಕದಲ್ಲಿರುವ ಮಗಳು ಸ್ಯಾಂಪಲ್‌ಗೆ ನಾಲ್ಕು ಬಾಟಲಿ ತರುತ್ತಾಳಂತೆ. ತರಲಾ?

ತರುವುದು ಬೇಡ ಅನ್ನಿ. ಅಲ್ಲಿನ ಸಿಬಿಡಿ ಸಾಮಾನ್ಯವಾಗಿ ಹೂವಿನಿಂದ ತೆಗೆದದ್ದು. ಅಲ್ಲಿ ಸೂಪರ್ ಮಾರ್ಕೆಟ್ಟಿನ ಸಾಮಾನು, ಇಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್‌ನವರ ಕೈಯಲ್ಲಿ ಎನ್‌ಡಿಪಿಎಸ್ ಕೇಸು. ದುಬೈ ಮೇಲೆ ಬರುವವರಾದರೆ ಇನ್ನೂ ಹುಷಾರು.

ಗಿರಾಕಿ ಫೋನ್ ಮಾಡಿ ‘ಅಪ್ಪನ ಮಂಡಿನೋವಿಗೆ ಎಷ್ಟು ಹನಿ ಕೊಡಲಿ’ ಅಂತ ಕೇಳಿದರೆ?

ಹನಿಯ ಲೆಕ್ಕ ನೀವು ಹೇಳಬೇಡಿ. ಅಪ್ಪ ಬೇರೆ ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ ಅಂತ ಕೇಳಿ, ವೈದ್ಯರ ನಂಬರ್ ಕೊಡಿ. ರಕ್ತ ತೆಳುವಾಗಿಸುವ ವಾರ್ಫರಿನ್, ಮೂರ್ಛೆರೋಗದ ಕ್ಲೋಬಾಜಾಮ್ ಇಂಥವುಗಳ ಜೊತೆ ಸಿಬಿಡಿ ಸೇರಿದರೆ ಅವುಗಳ ಪ್ರಮಾಣ ರಕ್ತದಲ್ಲಿ ಏರುತ್ತದೆ. ವಾರ್ಫರಿನ್ ತೆಗೆದುಕೊಳ್ಳುವ ಹಿರಿಯರಿಗೆ ಅದು ರಕ್ತಸ್ರಾವದ ತನಕ ಹೋಗಬಹುದು. ನನ್ನ ಜೊತೆ ಕೆಲಸ ಮಾಡುವ ಒಬ್ಬರ ಅಂಗಡಿಯಲ್ಲಿ ಫೋನ್ ಎತ್ತುವ ಹುಡುಗಿಯ ಮೇಜಿನ ಮೇಲೆ ಒಂದು ಚೀಟಿ ಅಂಟಿಸಿದ್ದಾರೆ, ನೀಲಿ ಪೆನ್ನಿನಲ್ಲಿ ಬರೆದದ್ದು: ‘ಮೊದಲು ಮಾತ್ರೆ ಯಾವುದು ಕೇಳು, ಆಮೇಲೆ ಡಾಕ್ಟರ್‌ಗೆ ಕೊಡು.’ ಚೀಟಿ ಅಂಟಿಸಿದ ವಾರ ಬಂದ ಆರ್ಡರ್‌ಗಳಲ್ಲಿ ಎರಡನ್ನು ಅವರ ವೈದ್ಯರೇ ಬೇಡ ಅಂದರು. ಅಂಗಡಿಯವರು ದುಡ್ಡು ವಾಪಸ್ ಹಾಕಿದರು.